ಪದಚರ್ಚೆ: ತೂಕ ಇಳಿಸುವ ಇಂಜೆಕ್ಷನ್, ಪಥ್ಯ, ಕೋರ್ಸ್

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಉಡುಪಿಯ ಒಂದು ಆರೋಗ್ಯ ಶಿಬಿರಕ್ಕೆ ಎರಡು ಬದಿಯ ಕರಪತ್ರ ತಯಾರಾಗುತ್ತಾ ಉಂಟು. ಒಂದು ಬದಿಯಲ್ಲಿ ತೂಕ ಇಳಿಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್. ಇನ್ನೊಂದು ಬದಿಯಲ್ಲಿ ಕ್ಯಾಲೊರಿ ಲೆಕ್ಕದ ಊಟ. ಕರಡಿನಲ್ಲಿ ಇಂಜೆಕ್ಷನ್ನಿಗೆ ‘ಕೊಬ್ಬು ಕರಗಿಸುವ ಚುಚ್ಚುಮದ್ದು’, ಡಯಟ್‌ಗೆ ‘ಪಥ್ಯ’, ಕ್ಯಾಲೊರಿ ಡೆಫಿಸಿಟ್‌ಗೆ ‘ಶಕ್ತಿಯ ಕೊರತೆ’ ಅಂತ ಉಂಟು. ‘ಆರು ತಿಂಗಳ ಕೋರ್ಸ್’ ಎಂಬ ಮಾತೂ ಬಂದಿದೆ. ಇವು ನಿಲ್ಲುತ್ತವೆಯೇ? ಮೀನು ಮಾರ್ಕೆಟ್ಟಿನಲ್ಲಿ ನಿಂತು ಓದಿದರೂ ತಲೆಗೆ ಹೋಗುವ ಪದ ಬೇಕು. ನಿಘಂಟಿನವು ಬೇಡ.

ಉತ್ತರ 1

‘ಕೊಬ್ಬು ಕರಗಿಸುವ’ ಎಂಬುದನ್ನು ಮೊದಲು ತೆಗೆಯಿರಿ ಮಾರಾಯ್ರೆ. ಆ ಹೆಸರಿಗೆ ಬೇರೆ ಹಕ್ಕುದಾರರಿದ್ದಾರೆ. ಗಲ್ಲದಡಿಯ ಜೋಲುಕೊಬ್ಬಿಗೆ ಚರ್ಮದ ಡಾಕ್ಟರುಗಳು ಡಿಆಕ್ಸಿಕೋಲಿಕ್ ಆಮ್ಲ ಚುಚ್ಚುತ್ತಾರೆ. ಅದು ಚುಚ್ಚಿದ ಜಾಗದ ಕೊಬ್ಬಿನ ಕೋಶವನ್ನೇ ಒಡೆಯುತ್ತದೆ. ಸೆಮಾಗ್ಲುಟೈಡ್ ಕೊಬ್ಬನ್ನು ಹಾಗೆ ನೇರ ಒಡೆಯುವುದಿಲ್ಲ. ಉಂಡ ಮೇಲೆ ಕರುಳಿನಲ್ಲಿ ಹುಟ್ಟುವ ಜಿಎಲ್‌ಪಿ-1 ಹಾರ್ಮೋನಿನ ಕೆಲಸವನ್ನು ಅದು ಮಾಡುತ್ತದೆ: ಮಿದುಳಿನಲ್ಲಿ ಹಸಿವು ತಗ್ಗುತ್ತದೆ, ಹೊಟ್ಟೆ ಖಾಲಿಯಾಗುವುದು ನಿಧಾನವಾಗುತ್ತದೆ, ಜನ ಕಡಿಮೆ ಉಣ್ಣುತ್ತಾರೆ. ಟಿರ್ಜೆಪಟೈಡ್ ಇದರ ಜೊತೆಗೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ‘ಕರಗಿಸುವ’ ಅಂತ ಬರೆದರೆ, ತೊಡೆಗೆ ಚುಚ್ಚಿದರೆ ತೊಡೆ ಸಪೂರ ಆಗುತ್ತದಾ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ಹಸಿವು ತಗ್ಗಿಸುವ ಇಂಜೆಕ್ಷನ್’ ಅಂತ ಹಾಕಿ. ‘ಚುಚ್ಚುಮದ್ದು’ ತಪ್ಪೇನಲ್ಲ, ಆದರೆ ಅದು ಮಕ್ಕಳ ಲಸಿಕೆಯ ಪೋಸ್ಟರಿನಲ್ಲಿ ಬೇರೂರಿದ ಪದ, ಒಮ್ಮೆ ಹಾಕಿಸಿದರೆ ಮುಗಿಯಿತು ಎಂಬ ಧ್ವನಿ ಬರುತ್ತದೆ.

ಆ ಧ್ವನಿಯೇ ಇಲ್ಲಿ ಅಪಾಯ. ‘ಕೋರ್ಸ್’ ಎಂಬುದಕ್ಕೂ ಅದೇ ರೋಗ. ಆ್ಯಂಟಿಬಯೋಟಿಕ್‌ನ ಐದು ದಿನದ ಕೋರ್ಸ್ ಮುಗಿದರೆ ಕಾಯಿಲೆ ಹೋಯಿತು ಅಂತ ಲೆಕ್ಕ. ಈ ಮದ್ದು ನಿಲ್ಲಿಸಿದರೆ ಹಸಿವು ವಾಪಸು ಬರುತ್ತದೆ. ಸೆಮಾಗ್ಲುಟೈಡ್‌ನ ಸ್ಟೆಪ್-1 ಪ್ರಯೋಗದಲ್ಲಿ, ಮದ್ದು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಸುಮಾರು ಮೂರರಲ್ಲಿ ಎರಡು ಪಾಲು ಮರಳಿ ಏರಿತು. ಬಿಪಿ ಮಾತ್ರೆಯ ಹಾಗೆ ‘ಮುಂದುವರಿಸುವ ಮದ್ದು’ ಅಂತ ಬರೆಯಿರಿ.

ಎರಡು ಬದಿ ಮಾಡಿದ್ದೇ ನನಗೆ ಸರಿ ಕಾಣುವುದಿಲ್ಲ. ಅದೇ 68 ವಾರದ ಪ್ರಯೋಗದಲ್ಲಿ ಮದ್ದು ಸಿಕ್ಕಿದವರಿಗೂ ಸಿಗದವರಿಗೂ ದಿನಕ್ಕೆ 500 ಕ್ಯಾಲೊರಿ ಕಡಿಮೆ ಊಟ, ವಾರಕ್ಕೆ 150 ನಿಮಿಷ ವ್ಯಾಯಾಮ ಅಂತ ಹೇಳಿದ್ದರು. ಸರಾಸರಿ ಇಳಿಕೆ ಮದ್ದಿನ ಗುಂಪಿನಲ್ಲಿ ಶೇ. 14.9, ಹುಸಿಮದ್ದಿನ (ಮದ್ದಿಲ್ಲದ ಇಂಜೆಕ್ಷನ್) ಗುಂಪಿನಲ್ಲಿ ಶೇ. 2.4. ಟಿರ್ಜೆಪಟೈಡ್‌ನ 72 ವಾರದ ಪ್ರಯೋಗದಲ್ಲಿ 15 ಮಿಲಿಗ್ರಾಂ ಡೋಸಿಗೆ ಶೇ. 20.9. ಹಾಗಾಗಿ ಅಲ್ಲಿ ತೂಗಿದ್ದು ‘ಡಯಟ್ ಮಾತ್ರ’ ಮತ್ತು ‘ಡಯಟ್ ಜೊತೆಗೆ ಇಂಜೆಕ್ಷನ್’. ‘ಅಥವಾ’ ಇದ್ದಲ್ಲೆಲ್ಲ ‘ಜೊತೆಗೆ’ ಮಾಡಿದರೆ ಕರಪತ್ರದ ಅರ್ಧ ತಪ್ಪು ಹೋಗುತ್ತದೆ.

ಇನ್ನು ಡೋಸ್. ಇದರಲ್ಲಿ ಮೂರು ಅಳತೆ ಕಲಸಿಹೋಗುತ್ತವೆ: ಮಿಲಿಗ್ರಾಂ, ಮಿಲಿಲೀಟರ್, ಯೂನಿಟ್. ಟಿರ್ಜೆಪಟೈಡ್ ನಮ್ಮಲ್ಲಿ 2025ರ ಮಾರ್ಚಿನಲ್ಲಿ ಬಂದಾಗ ಬಾಟ್ಲಿಯಲ್ಲಿ ಬಂತು, 2.5 ಮತ್ತು 5 ಮಿಲಿಗ್ರಾಂ. ಎರಡರಲ್ಲೂ ಎಳೆಯುವ ದ್ರವ ಅರ್ಧ ಮಿಲಿಲೀಟರ್, ಅಂದರೆ ಯು-100 (ಒಂದು ಮಿಲಿಲೀಟರಿಗೆ 100 ಯೂನಿಟ್) ಇನ್ಸುಲಿನ್ ಸಿರಿಂಜಿನಲ್ಲಿ 50ರ ಗೆರೆ. ಡೋಸ್ ಇಮ್ಮಡಿಯಾದರೂ ಗೆರೆ ಅದೇ, ಯಾಕೆಂದರೆ ಮದ್ದೇ ಇಮ್ಮಡಿ ಗಟ್ಟಿ. ಮನೆಯಲ್ಲಿ ಅಜ್ಜನಿಗೆ ಇನ್ಸುಲಿನ್ ಕೊಟ್ಟು ರೂಢಿಯಾದವರು ‘ಎರಡೂವರೆ’ ಎಂದರೆ ಎರಡೂವರೆ ಯೂನಿಟ್ ಅಂತ ಎಳೆದುಬಿಟ್ಟಾರು. ಮದ್ದಿನ ಹೆಸರು, ಮಿಲಿಗ್ರಾಂ, ಸಿರಿಂಜಿನ ಗೆರೆ, ಮೂರನ್ನೂ ಬಿಡಿಸಿ ಬರೆಯಿರಿ.

ಇದು ವಾರಕ್ಕೊಂದು ಇಂಜೆಕ್ಷನ್. ‘ಎಂಟು ದಿನಕ್ಕೊಮ್ಮೆ’ ಅಂತ ಕರಡಿನಲ್ಲಿ ಎಲ್ಲಾದರೂ ಇದ್ದರೆ ಹೊಡೆದುಹಾಕಿ. ಮಾತಿನಲ್ಲಿ ಅದು ಒಂದು ವಾರವೇ, ಆದರೆ ಬೆರಳು ಮಡಚಿ ಎಣಿಸುವವರು ಎಂಟನ್ನೇ ಎಣಿಸುತ್ತಾರೆ. ‘ಪ್ರತಿ ಗುರುವಾರ’ ಅಂತ ಹಾಕಿದರೆ ಎಣಿಕೆಯೇ ಬೇಡ. ಒಂದು ಡೋಸಿನಲ್ಲಿ ಕನಿಷ್ಠ ನಾಲ್ಕು ವಾರ ಇದ್ದ ಮೇಲೆಯೇ ಮುಂದಿನದಕ್ಕೆ ಏರಿಸುವುದು. ತೂಕಕ್ಕೆ ಕೊಡುವ ಸೆಮಾಗ್ಲುಟೈಡ್ ಆದರೆ 0.25, 0.5, 1, 1.7, 2.4 ಮಿಲಿಗ್ರಾಂ, ಟಿರ್ಜೆಪಟೈಡ್ 2.5ರಿಂದ ಶುರು. ಮೊದಲ ತಿಂಗಳಿನ ಡೋಸ್ ಹೊಟ್ಟೆಯನ್ನು ಒಗ್ಗಿಸಲಿಕ್ಕೆ ಮಾತ್ರ. ತೂಕ ಇಳಿಯಲಿಲ್ಲ ಅಂತ ಅಲ್ಲೇ ಇಮ್ಮಡಿ ಮಾಡಿಕೊಂಡರೆ ವಾಂತಿಗೆ ದಾರಿ.

ಉತ್ತರ 2

ಊಟದ ಬದಿಗೆ ನಾಲ್ಕು ಮಾತು. ‘ಪಥ್ಯ’ ಬೇಡ. ನಮ್ಮಲ್ಲಿ ಪಥ್ಯ ಎಂದರೆ ಯಾವುದು ವರ್ಜ್ಯ ಎಂಬುದು: ಬದನೆ ಬೇಡ, ಮೀನು ಬೇಡ, ಮಜ್ಜಿಗೆ ಬೇಡ. ಕ್ಯಾಲೊರಿ ಲೆಕ್ಕದಲ್ಲಿ ಯಾವುದೂ ವರ್ಜ್ಯವಲ್ಲ, ಎಷ್ಟು ಎಂಬುದೇ ಪ್ರಶ್ನೆ. ಪಥ್ಯ ಅಂತ ಓದಿದವರು ಬಂಗುಡೆ ಬಿಟ್ಟು ಕುಚ್ಚಲಕ್ಕಿ ಅನ್ನ ಎರಡು ಸಲ ಬಡಿಸಿಕೊಳ್ಳುತ್ತಾರೆ; ಬಿಡಬಾರದ ಪ್ರೊಟೀನ್ ಹೋಯಿತು, ಕಡಿಮೆ ಮಾಡಬೇಕಾದದ್ದು ಏರಿತು. ‘ಅಳತೆಯ ಊಟ’ ಸಾಕು.

‘ಶಕ್ತಿಯ ಕೊರತೆ’ ಅಂದರೆ ಓದುವವರಿಗೆ ನಿಶ್ಶಕ್ತಿ. ‘ಮೈಗೆ ಖರ್ಚಾಗುವುದಕ್ಕಿಂತ ಕಡಿಮೆ ಕ್ಯಾಲೊರಿ’ ಅಂತ ಉದ್ದಕ್ಕೇ ಬರೆಯಿರಿ. ಪೊಟ್ಟಣದ ಮೇಲಿನ ಕಿಲೋಕ್ಯಾಲೊರಿಯೂ ಮಾತಿನ ಕ್ಯಾಲೊರಿಯೂ ಒಂದೇ ಎಂಬ ಅಡಿಟಿಪ್ಪಣಿ ಇರಲಿ.

ಅಕ್ಕಿ-ಅನ್ನದ ವಿಷಯದಲ್ಲಿ ಕನ್ನಡ ನಮಗೆ ಅನುಕೂಲ ಮಾಡಿಕೊಟ್ಟಿದೆ, ಅದನ್ನು ಹಾಳು ಮಾಡಬೇಡಿ. 100 ಗ್ರಾಂ ಅಕ್ಕಿಗೆ ಸುಮಾರು 350 ಕ್ಯಾಲೊರಿ, 100 ಗ್ರಾಂ ಅನ್ನಕ್ಕೆ ಸುಮಾರು 130. ಮೊಬೈಲ್ ಆ್ಯಪಿನಲ್ಲಿ ಎರಡಕ್ಕೂ ‘ರೈಸ್’. ತಟ್ಟೆಯ ಅನ್ನ ತೂಗಿ ಅಕ್ಕಿಯ ಲೆಕ್ಕ ಹಾಕಿದವರು ಉಪವಾಸ ಬೀಳುತ್ತಾರೆ, ತಿರುಗಿಸಿ ಮಾಡಿದವರು ತೂಕ ಯಾಕೆ ಇಳಿಯುವುದಿಲ್ಲ ಅಂತ ಕೇಳುತ್ತಾರೆ. ಗಂಜಿಗೆ ನೀರು ಹೆಚ್ಚು, ಹಾಗಾಗಿ ಅದೇ ತೂಕಕ್ಕೆ ಅನ್ನಕ್ಕಿಂತ ಕಡಿಮೆ. ಕೋರಿ ರೊಟ್ಟಿಯ ರೊಟ್ಟಿ ಉಲ್ಟಾ: ಕೈಯಲ್ಲಿ ಹಗುರ, ಆದರೆ ನೀರೇ ಇಲ್ಲದ ಕಾರಣ ಹತ್ತಿರಹತ್ತಿರ ಅಕ್ಕಿಯ ಲೆಕ್ಕ. ‘ಒಂದು ಚಮಚ ಎಣ್ಣೆ’ಗೂ ಅಳತೆ ಕೊಡಿ. 5 ಮಿಲಿಲೀಟರಿನ ಟೀ ಚಮಚವಾದರೆ 40 ಕ್ಯಾಲೊರಿ, 15ರದ್ದಾದರೆ 120. ಒಗ್ಗರಣೆಗೆ ಬಾಟ್ಲಿಯಿಂದ ನೇರ ಸುರಿಯುವ ಕೈಗೆ ಈ ಎರಡೂ ಅಲ್ಲ. ತಾಜಾ ತೆಂಗಿನಕಾಯಿ 100 ಗ್ರಾಂಗೆ 350ರ ಆಸುಪಾಸು. ಗಸಿಗೆ ಅರೆದ ಕಾಯಿ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಅರೆಯುವ ಮೊದಲು ತೂಗಿ ಅಂತ ಸೇರಿಸಿ.

ಇಂಜೆಕ್ಷನ್ ತೆಗೆದುಕೊಳ್ಳುವವರಿಗೂ ಈ ಬದಿ ಬೇಕೇಬೇಕು. ಹಸಿವಿಲ್ಲ ಅಂತ ಬರೀ ಗಂಜಿ ತಿಳಿ, ಬಿಸ್ಕಿಟ್‌ನಲ್ಲಿ ದಿನ ದೂಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಇಳಿಯುತ್ತದೆ. ತಟ್ಟೆಯಲ್ಲಿ ಮೊದಲು ಮೀನು, ಮೊಟ್ಟೆ, ಹೆಸರುಕಾಳು, ಅನ್ನ ಆಮೇಲೆ.

ಉತ್ತರ 3

ಒಂದು ಪದ ಎಲ್ಲರೂ ಬಿಟ್ಟಿದ್ದೀರಿ: ‘ಗ್ಯಾಸ್ಟ್ರಿಕ್’. ಮಂಗಳೂರಿನಲ್ಲಿ ಎದೆಯಿಂದ ಹೊಕ್ಕುಳದವರೆಗೆ ಏನಾದರೂ ಅದು ಗ್ಯಾಸ್ಟ್ರಿಕ್. ಅಡ್ಡಪರಿಣಾಮದ ಪಟ್ಟಿಯಲ್ಲಿ ಅದು ಬಂದರೆ ಜನ ಮಾತ್ರೆ ನುಂಗಿ ಕೂರುತ್ತಾರೆ. ವಾಕರಿಕೆ, ಮಲಬದ್ಧತೆ, ಭೇದಿ ಸಾಮಾನ್ಯ, ಡೋಸ್ ಏರಿಸಿದಾಗ ಹೆಚ್ಚು. ಮೇದೋಜೀರಕ ಗ್ರಂಥಿಯ ಉರಿಯೂತ ಅಪರೂಪ, ಆದರೆ ಬಂದರೆ ಕಾಯುವ ಹಾಗಿಲ್ಲ. ಅದಕ್ಕೆ ರೋಗದ ಹೆಸರು ಬೇಡ, ನೋವಿನ ವರ್ಣನೆ ಬೇಕು: ‘ಹೊಟ್ಟೆಯ ಮೇಲ್ಭಾಗದಲ್ಲಿ ಬಿಡದೆ ಜೋರು ನೋವು, ಬೆನ್ನಿಗೂ ಹರಿಯುತ್ತದೆ, ಕಾರುವುದೂ ಇರಬಹುದು, ಮುಂದಿನ ಇಂಜೆಕ್ಷನ್ ಹಾಕಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.’ ‘ಕಾರುವುದು’ ಅಂತಲೇ ಇರಲಿ, ವಮನ ಗಿಮನ ಬೇಡ. ಮನೆಯಲ್ಲಿ ಯಾರಿಗಾದರೂ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಇತ್ತಾ ಎಂಬ ಪ್ರಶ್ನೆಯನ್ನು ಮಾತ್ರ ಹೆಸರು ಸಮೇತ ಹಾಕಿ. ಬರೀ ‘ಥೈರಾಯ್ಡ್ ಉಂಟಾ’ ಅಂತ ಕೇಳಿದರೆ ದಿನಾ ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗುವವರೆಲ್ಲ ಕೈ ಎತ್ತುತ್ತಾರೆ.