ಪಾಳುಬಿದ್ದ ಸ್ಮಶಾನ: ಮೊದಲು ಕತ್ತಿಯೋ, ನಕ್ಷೆಯೋ?

ಮುಳ್ಳುಹಾದಿ: ನೂರೈವತ್ತು ವರ್ಷ ಹಳೆಯ ಸಮಾಧಿಗಳನ್ನು ಪೊದೆ ಮುಚ್ಚಿದೆ. ಹದಿನೈದು ಮಂದಿ ಸಿದ್ಧರಿದ್ದೇವೆ. ಎರಡೇ ದಿನದಲ್ಲಿ ಪೊದೆ ಸವರಿ, ಕಲ್ಲುಗಳನ್ನು ಆಸಿಡ್ ಹಾಕಿ ತಿಕ್ಕಿ, ಬಿದ್ದವನ್ನು ಸಿಮೆಂಟಿನಲ್ಲಿ ನಿಲ್ಲಿಸಬೇಕೆಂದಿದ್ದೇವೆ. ಸಲಹೆ ಕೊಡಿ.

ಉಳಿಹಿಡಿದವನು: ದಯವಿಟ್ಟು ಆಸಿಡ್ ಮುಟ್ಟಬೇಡಿ. ಅಮೃತಶಿಲೆಯೂ ಸುಣ್ಣಕಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟ್. ಆಸಿಡ್ ಬಿದ್ದರೆ ನೊರೆಯೆದ್ದು ಕಲ್ಲೇ ಕರಗುತ್ತದೆ, ಕೊಳೆಯ ಜೊತೆ ಹೆಸರೂ ಹೋಗುತ್ತದೆ. ತಂತಿ ಬ್ರಷ್ಷೂ ಬೇಡ. ಶುದ್ಧ ನೀರು, ಮೆತ್ತನೆಯ ಬ್ರಷ್, ಬಿದಿರು ಕಡ್ಡಿ ಸಾಕು. ಪದರ ಏಳುತ್ತಿರುವ ಕಲ್ಲನ್ನಂತೂ ತೊಳೆಯಲೇಬೇಡಿ. ಇನ್ನು ಸಿಮೆಂಟ್. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ; ಆಮೇಲೂ ಬಹುಕಾಲ ಕಟ್ಟಿದ್ದು ಸುಣ್ಣದ ಗಾರೆಯಲ್ಲೇ. ಗಾರೆ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ತಡೆಯುತ್ತದೆ, ಆಗ ನೀರು, ಉಪ್ಪು ಮೆದುಕಲ್ಲಿನೊಳಗೇ ಉಳಿದು ಅಂಚು ಉದುರತೊಡಗುತ್ತದೆ.

ಮುಳ್ಳುಹಾದಿ: ಹಾಗೆಂದು ಕೈಕಟ್ಟಿ ಕುಳಿತರೆ ಬೇರುಗಳು ಕಲ್ಲನ್ನು ಸೀಳುವುದಿಲ್ಲವೇ? ಹೋದ ವರ್ಷ ನನ್ನ ಕಣ್ಣೆದುರೇ ಎರಡು ಕಲ್ಲು ಉರುಳಿದವು.

ಹಸಿರುಬೇಲಿ: ಪೊದೆ ಸವರಿ, ಆದರೆ ಬೇರು ಕೀಳಬೇಡಿ. ಸಂದಿಗೆ ಇಳಿದ ಬೇರನ್ನು ಎಳೆದರೆ ಕಟ್ಟೆಯೇ ಕಿತ್ತುಬರುತ್ತದೆ. ಬುಡದಲ್ಲಿ ಕತ್ತರಿಸಿ ಒಣಗಲು ಬಿಡಿ. ಕಲ್ಲಿನ ಮೇಲೆ ಪೊರೆಯಂತೆ ಬೆಳೆಯುವ ಕಲ್ಲುಹೂವನ್ನು (ಲೈಕೆನ್) ಕೊಳೆಯೆಂದು ಕೆರೆಯಬೇಡಿ. ಅವುಗಳಲ್ಲಿ ಹಲವು ವರ್ಷಕ್ಕೆ ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಬೆಳೆಯುವುದಿಲ್ಲ. ಲಂಡನ್ನಿನ ಹೈಗೇಟ್ ಸ್ಮಶಾನ ಆರಂಭವಾದದ್ದು 1839ರಲ್ಲಿ. ಅದು ಪಾಳುಬಿದ್ದಾಗ, 1975ರಲ್ಲಿ, ಅದನ್ನು ಉಳಿಸಲೆಂದೇ ಗೆಳೆಯರ ಸಂಘ ಹುಟ್ಟಿತು. ಇಂದಿಗೂ ಅಲ್ಲಿನ ಗೋರಿಗಳಿರುವುದು ಮರಗಳ ನಡುವೆಯೇ.

ಹಳೆಯ ಅಕ್ಷರ: ಕತ್ತಿ ಹಿಡಿಯುವ ಮೊದಲು ನಕ್ಷೆ, ಫೋಟೋ. ಕಾಲುದಾರಿ ಬೇಕಾದಷ್ಟು ಮಾತ್ರ ಸವರಿಕೊಳ್ಳಿ. ಬಿದ್ದ ಕಲ್ಲನ್ನು ಒಮ್ಮೆ ಸರಿಸಿದರೆ ಅದು ಯಾರ ತಲೆದೆಸೆಯದೆಂದು ಹೇಳುವವರೇ ಇರುವುದಿಲ್ಲ. ಸವೆದ ಬರಹಕ್ಕೆ ಸೀಮೆಸುಣ್ಣ ಬಳಿಯುವವರಿದ್ದಾರೆ, ಅದು ತಪ್ಪು. ಸಂಜೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ನೆರಳಿನಲ್ಲಿ ಅಕ್ಷರ ಮೂಡುತ್ತದೆ. ಹಗಲಿನಲ್ಲಿ ಬೋಳಾಗಿ ಕಾಣುತ್ತಿದ್ದ ಕಲ್ಲಿನಲ್ಲಿ ನಾನು ಹೀಗೆಯೇ ಒಂದು ಮಗುವಿನ ಹೆಸರು ಓದಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಮುಳ್ಳುಹಾದಿ: ಆಸಿಡ್ ಡಬ್ಬಿಗಳನ್ನು ಹಿಂದಿರುಗಿಸುತ್ತೇನೆ. ಆದರೆ ಆಳೆತ್ತರದ ಕಲ್ಲೊಂದು ವಾಲಿ ನಿಂತಿದೆ. ಅದು ನಕ್ಷೆ ಮುಗಿಯುವವರೆಗೆ ಕಾಯುವುದಿಲ್ಲ.

ಉಳಿಹಿಡಿದವನು: ಅದರ ಫೋಟೋ ತೆಗೆದು, ಸುತ್ತ ದೂರದಲ್ಲಿ ಹಗ್ಗ ಕಟ್ಟಿ, ಯಾರೂ ಹತ್ತಿರ ಸುಳಿಯದಂತೆ ಮಾಡಿ. ಆಸರೆ ಕೊಡುವುದು, ಎತ್ತುವುದು ಅನುಭವಿ ಕಲ್ಲುಕೆಲಸದವರಿಗೇ ಇರಲಿ. ಅಂದ ಹಾಗೆ, ಜಾಗದ ಒಡೆತನ ಯಾರದು? ಅವರ ಒಪ್ಪಿಗೆ ಬರಹದಲ್ಲಿ ಇದೆಯೇ?

ಮುಳ್ಳುಹಾದಿ: ಇಲ್ಲ. ಬಾಯಿಮಾತಿನಲ್ಲಿ ಮಾತ್ರ. ಅರ್ಜಿ ಈಗಲೇ ಬರೆಯುತ್ತೇನೆ.