ಅಪಾರ್ಟ್‌ಮೆಂಟಿನ ಮೆಟ್ಟಿಲಿನಲ್ಲಿ ರೈಸರ್ ತೆರೆದಿರಬಹುದೇ?

ಪ್ರಶ್ನೆ: ಬನಶಂಕರಿಯ ನಿವಾಸಿ

ನಮ್ಮದು ಹದಿನಾರು ಮನೆಗಳ ಅಪಾರ್ಟ್‌ಮೆಂಟ್. ನೆಲಮಹಡಿಯ ಲಾಬಿಯಿಂದ ಮೊದಲ ಮಹಡಿಗೆ ಹೋಗುವ ಮೆಟ್ಟಿಲನ್ನು ಬಿಲ್ಡರ್ ಅಂದಕ್ಕೆಂದು ಕಬ್ಬಿಣದ ಚೌಕಟ್ಟಿನ ಮೇಲೆ ಗ್ರಾನೈಟ್ ಕೂರಿಸಿ ಕಟ್ಟಿಸಿದ್ದಾರೆ. ಒಂದು ಮೆಟ್ಟಿಲಿಗೂ ಮುಂದಿನದಕ್ಕೂ ನಡುವೆ ರೈಸರ್, ಅಂದರೆ ಮುಂಭಾಗವನ್ನು ಮುಚ್ಚುವ ನೆಟ್ಟನೆಯ ಹಲಗೆ, ಇಲ್ಲದೆ ಖಾಲಿ ಬಿಟ್ಟಿದ್ದಾರೆ. ಟೇಪು ಹಿಡಿದು ನೋಡಿದೆ: ಮೆಟ್ಟಿಲಿನ ಎತ್ತರ 170 ಮಿ.ಮೀ., ಹಲಗೆಯ ದಪ್ಪ 40 ಮಿ.ಮೀ., ಅಂದರೆ ಸಂದಿ 130 ಮಿ.ಮೀ. ಕಳೆದ ವಾರ ಎದುರು ಮನೆಯ ಎರಡೂವರೆ ವರ್ಷದ ಮಗು ಆ ಸಂದಿಯಲ್ಲಿ ತೊಡೆಯವರೆಗೂ ಕಾಲು ತೂರಿಸಿಕೊಂಡು, ಎಣ್ಣೆ ಹಚ್ಚಿ ಬಿಡಿಸುವಷ್ಟರಲ್ಲಿ ಮನೆಯವರೆಲ್ಲ ಬೆವತುಹೋದರು. ನಮ್ಮ ಅತ್ತೆಯವರಂತೂ ಕಾಲ ಕೆಳಗೆ ಪಾರ್ಕಿಂಗ್ ಕಾಣುತ್ತದೆಂದು ಲಿಫ್ಟ್ ಕೆಟ್ಟ ದಿನ ಹೊಸ್ತಿಲು ದಾಟುವುದಿಲ್ಲ. ಬಿಲ್ಡರನ್ನು ಕೇಳಿದರೆ ನಕ್ಷೆ ಮಂಜೂರಾಗಿದೆ, ವಿದೇಶಗಳಲ್ಲೆಲ್ಲ ಹೀಗೆಯೇ ಕಟ್ಟುತ್ತಾರೆ ಎನ್ನುತ್ತಾರೆ. ನಿಯಮ ನಿಜವಾಗಿ ಏನು ಹೇಳುತ್ತದೆ? ಸ್ವಾಧೀನ ಪಡೆದು ನಾಲ್ಕು ವರ್ಷವಾಗಿದೆ.

ಉತ್ತರ 1: ವಾಸ್ತುಶಿಲ್ಪಿ, ಮಲ್ಲೇಶ್ವರ

ರಾಷ್ಟ್ರೀಯ ಕಟ್ಟಡ ಸಂಹಿತೆ 2016ರಲ್ಲಿ ವಾಸದ ಕಟ್ಟಡಗಳ ಮೆಟ್ಟಿಲಿಗೆ ಎತ್ತರ 190 ಮಿ.ಮೀ. ಮೀರಬಾರದು, ಟ್ರೆಡ್, ಅಂದರೆ ಕಾಲಿಡುವ ಜಾಗದ ಅಗಲ, 250 ಮಿ.ಮೀ.ಗಿಂತ ಕಿರಿದಾಗಿರಬಾರದು ಎಂದಿದೆ. ಟ್ರೆಡ್ಡನ್ನೂ ಒಮ್ಮೆ ಅಳೆಯಿರಿ. ಎತ್ತರದಲ್ಲಿ ನಿಮ್ಮದು ತೇರ್ಗಡೆ. ಆದ್ದರಿಂದಲೇ ಬಿಲ್ಡರ್‌ಗೆ ನಕ್ಷೆ ಮುಂದಿಟ್ಟು ಮಾತಾಡುವ ಧೈರ್ಯ. ಆದರೆ ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2021ರಲ್ಲಿ ಹೊರತಂದ, ಎಲ್ಲರಿಗೂ ಸುಗಮವಾದ ಕಟ್ಟಡಗಳ ಮಾರ್ಗಸೂಚಿಯನ್ನು ತೆರೆದು ನೋಡಿದರೆ ಮಾತು ಬೇರೆಯಾಗುತ್ತದೆ: ಅಲ್ಲಿ ತೆರೆದ ರೈಸರ್ ಬೇಡ ಎಂದಿದ್ದಾರೆ, ಎತ್ತರ 150 ಹಾಗೂ ಟ್ರೆಡ್ 300 ಮಿ.ಮೀ. ಇರಲಿ ಎಂದಿದ್ದಾರೆ. ಇದು ಹಟದಿಂದ ಹೇಳಿದ್ದಲ್ಲ. ಕಣ್ಣು ಕಾಣದವರ ಬಿಳಿ ಕೋಲಿಗೆ ರೈಸರ್ ತಾಗಿದರೆ ತಾನೇ ಮುಂದೆ ಮೆಟ್ಟಿಲಿದೆ ಎಂದು ಗೊತ್ತಾಗುವುದು? ಕಾಲೆಳೆದು ನಡೆಯುವವರ ಪಾದದ ತುದಿ ಖಾಲಿ ಜಾಗಕ್ಕೆ ಹೋಗಿ, ಮೇಲೆತ್ತುವಾಗ ಮೇಲಿನ ಹಲಗೆಯ ಅಂಚಿನ ಅಡಿಗೆ ಸಿಕ್ಕಿ ಮುಗ್ಗರಿಸುತ್ತಾರೆ.

ವಿದೇಶದ ಮಾತಿಗೆ ಬಂದರೆ, ಅದು ಬಿಲ್ಡರ್ ಹೇಳುವಷ್ಟು ಸಲೀಸಲ್ಲ. ಅಮೆರಿಕದ ಐಬಿಸಿ (ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್) ಕಟ್ಟಡ ಸಂಹಿತೆಯಲ್ಲಿ ರೈಸರ್ ಮುಚ್ಚಿರಬೇಕೆಂಬುದೇ ಮೂಲ ನಿಯಮ. ಅಂಗವಿಕಲರ ಬಳಕೆಗೆ ಕಡ್ಡಾಯವಲ್ಲದ ಮೆಟ್ಟಿಲಿಗೆ ಕೊಡುವ ವಿನಾಯಿತಿಯಲ್ಲೂ ಸಂದಿಯಲ್ಲಿ 4 ಇಂಚಿನ, ಅಂದರೆ ಸುಮಾರು 102 ಮಿ.ಮೀ. ವ್ಯಾಸದ ಗೋಳ ತೂರಬಾರದು. ಇಂಗ್ಲೆಂಡಿನ ಮಾರ್ಗದರ್ಶಿಯೂ ಮನೆಯೊಳಗಿನ ತೆರೆದ ಮೆಟ್ಟಿಲಿಗೆ 100 ಮಿ.ಮೀ. ಗೋಳದ ಮಾತನ್ನೇ ಹೇಳುತ್ತದೆ, ಜೊತೆಗೆ ಮೇಲಿನ ಹಲಗೆ ಕೆಳಗಿನದರ ಮೇಲೆ ಕನಿಷ್ಠ 16 ಮಿ.ಮೀ. ಚಾಚಿರಬೇಕೆನ್ನುತ್ತದೆ. ಮಗುವಿನ ಮೈ ಜಾರಿಹೋಗಿ ತಲೆ ಸಿಕ್ಕಿಕೊಳ್ಳುವ ಅಪಾಯವೇ ಆ ಅಳತೆಯ ಹಿಂದಿರುವುದು. ಹಾರ್ಡ್‌ವೇರ್ ಅಂಗಡಿಯಿಂದ 110 ಮಿ.ಮೀ. ಪಿವಿಸಿ ಪೈಪಿನ ಒಂದು ತುಂಡು ತಂದು ಸಂದಿಗೆ ಅಡ್ಡಲಾಗಿ ತಳ್ಳಿ ನೋಡಿ. ಅದು ಹೋಯಿತೆಂದರೆ ಬಿಲ್ಡರ್ ಹೇಳುವ ವಿದೇಶದ ನಿಯಮದಲ್ಲೂ ನಿಮ್ಮ ಮೆಟ್ಟಿಲು ಪಾಸಾಗುವುದಿಲ್ಲ.

ಉತ್ತರ 2: ಪೀಣ್ಯದಲ್ಲಿ ಫ್ಯಾಬ್ರಿಕೇಷನ್ ಕೆಲಸ ಮಾಡಿಸುವವರು

ಮೇಲಿನವರು ನಿಯಮ ತಿಳಿಸಿದ್ದಾರೆ, ನಾನು ಕೆಲಸದ ಮಾತು ಹೇಳುತ್ತೇನೆ. 2 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಶೀಟಿನಲ್ಲಿ 1.2 ಮೀಟರ್ ಉದ್ದ, 130 ಮಿ.ಮೀ. ಎತ್ತರದ ಪಟ್ಟಿ ಕತ್ತರಿಸಿದರೆ ಒಂದರ ತೂಕ ಎರಡೂವರೆ ಕಿಲೋ ಮುಟ್ಟುವುದಿಲ್ಲ. ಹದಿನೆಂಟು ರೈಸರ್ ಇದ್ದರೂ ಒಟ್ಟು ಭಾರ 45 ಕಿಲೋದೊಳಗೆ, ಚೌಕಟ್ಟಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಗ್ರಾನೈಟ್‌ಗೆ ತಾಗಿದ ಜಾಗದಲ್ಲಿ ವೆಲ್ಡಿಂಗ್ ಮಾಡಲು ಯಾರನ್ನೂ ಬಿಡಬೇಡಿ. ಶಾಖಕ್ಕೆ ಕಲ್ಲು ಸೀಳುತ್ತದೆ, ಅಂಟು ಸುಟ್ಟುಹೋಗುತ್ತದೆ, ಆಮೇಲೆ ಹಲಗೆ ಅಲುಗಾಡಲು ಶುರುವಾಗುತ್ತದೆ. ಬದಿಯ ಚೌಕಟ್ಟಿಗೆ ಸಣ್ಣ ಆ್ಯಂಗಲ್ ಸ್ಕ್ರೂ ಹಾಕಿ, ಪಟ್ಟಿಯನ್ನು ಅದಕ್ಕೆ ಬಿಗಿಸಬೇಕು. ಪಟ್ಟಿಯ ತಳ ಸ್ವಲ್ಪ ಒಳಗೆ ಸರಿದು, ಮೇಲ್ತುದಿ ಮೇಲಿನ ಹಲಗೆಯ ಅಂಚಿನ ಹತ್ತಿರಕ್ಕೆ ಓರೆಯಾಗಿ ಬಂದರೆ ಪಾದದ ತುದಿ ಸಿಕ್ಕುವ ಜಾಗವೇ ಉಳಿಯುವುದಿಲ್ಲ.

ಬೆಳಕು ಹೋಗುತ್ತದೆಂದು ಮೇಲಿನ ಮನೆಯವರು ತಕರಾರು ತೆಗೆದರೆ ರಂಧ್ರವಿರುವ ಶೀಟು ಹಾಕಿಸಿ. ಸಣ್ಣ ರಂಧ್ರವಾದರೆ ಕೋಲಿನ ತುದಿಯೂ ತೂರುವುದಿಲ್ಲ, ಬೆಳಕೂ ಬರುತ್ತದೆ. ಹೌಸ್‌ಕೀಪಿಂಗ್‌ನವರು ಮೂಲೆಯಲ್ಲಿ ಧೂಳು ಕೂರುತ್ತದೆಂದು ಒಂದೆರಡು ತಿಂಗಳು ಗೊಣಗುತ್ತಾರೆ, ಅಷ್ಟೇ. ಪಟ್ಟಿಯ ಜೊತೆಗೇ ಹಲಗೆಗಳ ಅಡಿಗೂ ಒಂದು ಶೀಟು ಕೊಡಿಸುವುದು ಒಳ್ಳೆಯದು: ಬೆಂಕಿ ಬಿದ್ದಾಗ ಕಾದ ಗ್ರಾನೈಟ್ ತಟ್ಟನೆ ಒಡೆಯಬಹುದು, ಅಡಿಯಲ್ಲಿ ಆಧಾರವಿಲ್ಲದ ಕಲ್ಲಿನ ಹಲಗೆಯ ಮೇಲೆ ಓಡಿಳಿಯುವವರ ಗತಿ ಏನು?

ಉತ್ತರ 3: ಸಂಘದ ಮಾಜಿ ಕಾರ್ಯದರ್ಶಿ, ಜಯನಗರ

ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ, 1972ರ ಪ್ರಕಾರ ಮೆಟ್ಟಿಲು ಸಾಮಾನ್ಯ ಪ್ರದೇಶ. ಆದ್ದರಿಂದ ಒಂದು ಮನೆಯವರು ತಮ್ಮಷ್ಟಕ್ಕೇ ಶೀಟು ಬಡಿಸುವಂತಿಲ್ಲ, ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿಸಿ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 14(3)ನೇ ಕಲಮಿನಂತೆ ಸ್ವಾಧೀನದಿಂದ ಐದು ವರ್ಷದೊಳಗೆ ರಚನೆಯ ಅಥವಾ ಕಾಮಗಾರಿ, ಗುಣಮಟ್ಟದ ದೋಷವನ್ನು ಗಮನಕ್ಕೆ ತಂದರೆ ಪ್ರವರ್ತಕರು (ಇಲ್ಲಿ ಬಿಲ್ಡರ್) 30 ದಿನದಲ್ಲಿ ನಿಮ್ಮಿಂದ ಹಣ ಪಡೆಯದೆ ಸರಿಪಡಿಸಬೇಕು. ನಿಮಗೆ ಇನ್ನೊಂದು ವರ್ಷವಿದೆ. ನೋಟಿಸನ್ನು ಈಗಲೇ ಲಿಖಿತವಾಗಿ ಕಳಿಸಿ. ಮಂಜೂರಾದ ನಕ್ಷೆಯಲ್ಲೇ ತೆರೆದ ಮೆಟ್ಟಿಲನ್ನು ತೋರಿಸಿದ್ದರೆ ಅದನ್ನು ದೋಷವೆಂದು ಸಾಧಿಸುವುದು ಕಷ್ಟ, ಅದಕ್ಕಾಗಿ ಕಾಯುತ್ತ ಕೂರಬೇಡಿ. ವಾದ ನಡೆಯುವಷ್ಟು ದಿನ ಮಗು ಆ ಮೆಟ್ಟಿಲ ಮೇಲೆಯೇ ಆಡುತ್ತಿರುತ್ತದೆ.

ಬನಶಂಕರಿಯ ನಿವಾಸಿ

ಪೈಪಿನ ತುಂಡು ಎಲ್ಲ ಸಂದಿಗಳಲ್ಲೂ ಸಲೀಸಾಗಿ ಹೋಯಿತು. ಟ್ರೆಡ್ 280 ಮಿ.ಮೀ. ಇದೆ. ಅಂಚೆ ಮೂಲಕ ನೋಟಿಸು ಹೋಗಿದೆ, ಬರುವ ಭಾನುವಾರ ಸಭೆ ಕರೆದಿದ್ದೇವೆ. ಕೆಲಸ ಮುಗಿಯುವವರೆಗೆ ಎರಡೂ ಫ್ಲೈಟ್‌ಗಳ (ಮೆಟ್ಟಿಲ ಸಾಲುಗಳ) ಸಂದಿಗೆ ಪ್ಲೈವುಡ್ ತುಂಡುಗಳನ್ನು ಕಟ್ಟಿಸಿದ್ದೇವೆ. ಅತ್ತೆಯವರು ಮೊನ್ನೆ ಗೋಡೆಯ ಬದಿಯ ಕಟಾಂಜನ ಹಿಡಿದುಕೊಂಡು ಮೊದಲ ಸಲ ಇಳಿದರು.