ಯೇಸುವನ್ನೂ ನಂಬಿ ಮಾಟವನ್ನೂ ಮಾಡಬಹುದಾ? ಹಾಗಾದರೆ ಅಜ್ಜಿ ತೆಗೆಯುತ್ತಿದ್ದ ದಿಷ್ಟಿ ಯಾವ ಲೆಕ್ಕ?

ಬೇಳದ_ಬಾಯಿ:
ನಮ್ಮದು ಬೇಳದ ಕಡೆಯ ಕೊಂಕಣಿ ಕಥೋಲಿಕ ಮನೆ. ಅಕ್ಕನ ಮಗಳು ಇಂಗ್ಲೆಂಡಿನಲ್ಲಿ ಓದುತ್ತಿದ್ದಾಳೆ. ರಜೆಗೆ ಬಂದಿದ್ದಾಗ ಅವಳ ಬ್ಯಾಗಿನಿಂದ ಭವಿಷ್ಯ ನೋಡುವ ಟ್ಯಾರೋ ಕಾರ್ಡಿನ ಕಟ್ಟು ಬಿತ್ತು, ಅದಕ್ಕೆ ಸುತ್ತಿಕೊಂಡ ಹಾಗೆ ಜಪಸರವೂ ಬಿತ್ತು. ಏನೇ ಇದು ಅಂದರೆ "ಮಾವ್ಶಿ, ನಾನು ಕ್ರಿಶ್ಚಿಯನ್ ವಿಚ್" ಅಂತ ನಗುತ್ತಾ ಹೇಳಿದಳು. ಮೇಣದಬತ್ತಿ ಹಚ್ಚಿ ಕೀರ್ತನೆ ಓದುತ್ತಾಳಂತೆ, ಹುಣ್ಣಿಮೆ ದಿನ ಸೊಪ್ಪು ಬೇರು ಕಟ್ಟಿ ಕಿಟಕಿಯಲ್ಲಿ ಇಡುತ್ತಾಳಂತೆ, ಯಾರಿಗೂ ಕೆಟ್ಟದ್ದು ಮಾಡುವುದಿಲ್ಲವಂತೆ. ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಬೈಯಲು ಹೊರಟೆ, ಬಾಯಿ ಕಟ್ಟಿತು. ಯಾಕೆಂದರೆ ಮಗು ರಾತ್ರಿ ರಚ್ಚೆ ಹಿಡಿದರೆ ನಮ್ಮ ಅಜ್ಜಿ ಒಣಮೆಣಸು, ಕಲ್ಲುಪ್ಪು ಮುಷ್ಟಿಯಲ್ಲಿ ಹಿಡಿದು ತಲೆಯಿಂದ ಕಾಲಿನವರೆಗೆ ಮೂರು ಸಲ ಇಳಿಸಿ ಒಲೆಗೆ ಹಾಕುತ್ತಿದ್ದರು, ಬಾಯಲ್ಲಿ ಮಾತ್ರ "ಆಮ್ಚ್ಯಾ ಬಾಪಾ" (ಯೇಸು ಕಲಿಸಿದ "ನಮ್ಮ ತಂದೆಯೇ" ಪ್ರಾರ್ಥನೆ). ಘಾಟು ಬಾರದಿದ್ದರೆ ದಿಷ್ಟಿ ಜೋರು ಅಂತ ಅರ್ಥ. ಗುಡುಗು ಬಂದರೆ ಗರಿಗಳ ಭಾನುವಾರದ ಒಣಗಿದ ಗರಿ ಕೆಂಡಕ್ಕೆ ಹಾಕುತ್ತಿದ್ದರು. ಅದೇ ಅಜ್ಜಿ ಒಂದು ಸಂಜೆಯೂ ತೇರ್ಸ್ (ಜಪಸರದ ಪ್ರಾರ್ಥನೆ) ತಪ್ಪಿಸಿದವರಲ್ಲ. ಹಾಗಾದರೆ ಇವಳಿಗೂ ಅಜ್ಜಿಗೂ ವ್ಯತ್ಯಾಸ ಏನು? ಹುಡುಗಿಯನ್ನು ಬೈಯದೆ ಹೇಳಿ.

ಮಂಜೇಶ್ವರದ_ಮೇಸ್ಟ್ರು:
ಬಾಯಿ, ಆಗುವುದಿಲ್ಲ. ಬೈಬಲಿನ ಧರ್ಮೋಪದೇಶಕಾಂಡ 18ನೇ ಅಧ್ಯಾಯ ಓದಿ. ಕಣಿ ಹೇಳುವವರು, ಮಾಟಗಾರರು, ಸತ್ತವರನ್ನು ವಿಚಾರಿಸುವವರು ನಿಮ್ಮಲ್ಲಿ ಇರಬಾರದು ಅಂತ ಸ್ಪಷ್ಟವಾಗಿ ಇದೆ. ಗಲಾತ್ಯದವರಿಗೆ ಬರೆದ ಪತ್ರದಲ್ಲೂ ಮಾಟ ಪಾಪದ ಪಟ್ಟಿಯಲ್ಲಿದೆ. (ಹೊಟ್ಟೆಕಿಚ್ಚು, ಜಗಳ, ಕುಡಿತವೂ ಅದೇ ಪಟ್ಟಿಯಲ್ಲಿವೆ, ನಮ್ಮವರು ಆ ಸಾಲು ಬಂದಾಗ ಕೆಮ್ಮುತ್ತಾರೆ.) ಕಥೋಲಿಕ ಕೆಟೆಕಿಸಂ (ಸಭೆಯ ಬೋಧನೆಯ ಪುಸ್ತಕ) 2116, 2117ನೇ ಕಲಮುಗಳು ಇನ್ನೂ ಬಿಗಿ. ಜಾತಕ, ಹಸ್ತರೇಖೆ ಬೇಡ, ಕಾಯಿಲೆ ವಾಸಿ ಮಾಡಲಿಕ್ಕಾದರೂ ಮಾಟ ಬೇಡ, ತಾಯತ ಕಟ್ಟುವುದೂ ತಪ್ಪು. ಅಂದರೆ ಒಳ್ಳೆಯದಕ್ಕೇ ಮಾಡುತ್ತೇನೆ ಅನ್ನುವ ಮಾತು ನಡೆಯುವುದಿಲ್ಲ.

ನಾನು ಮಕ್ಕಳಿಗೆ ಹೇಳುತ್ತಿದ್ದದ್ದು ಇಷ್ಟೇ. ಬೇಡುವುದು ಬೇರೆ, ಬಗ್ಗಿಸುವುದು ಬೇರೆ. ಪ್ರಾರ್ಥನೆ ಮಾಡಿದರೆ ದೇವರು ಆಗಲ್ಲ ಅನ್ನಬಹುದು. ಮಾಟ ಫಲಿಸದಿದ್ದರೆ ಸಾಮಾನು ಸರಿಯಿರಲಿಲ್ಲ ಅಂತ ಲೆಕ್ಕ. ನಿಮ್ಮ ಅಜ್ಜಿಯದು ಇವೆರಡರ ನಡುವೆ ಎಲ್ಲೋ ಇದೆ. ಅದನ್ನು ತೂಗುವ ಕೆಲಸ ನನಗೆ ಬೇಡ.

ಕುಂಬಳೆ_ಲೋಕಲ್:
ಮೇಸ್ಟ್ರೇ, ಹಾಗಾದರೆ ನಕ್ಷತ್ರ ನೋಡಿಕೊಂಡು ಬೇತ್ಲೆಹೇಮಿಗೆ ಬಂದವರು ಯಾರು? ಹಳೇ ಕನ್ನಡ ಬೈಬಲಿನಲ್ಲಿ "ಜೋಯಿಸರು" ಅಂತಲೇ ಇದೆಯಲ್ಲ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಿದ್ದು ಚೀಟಿ ಹಾಕಿ. ಸೌಲ ರಾಜ ಏಂದೋರ್ ಊರಿನ, ಸತ್ತವರನ್ನು ಕರೆಸುವ ಹೆಂಗಸಿನ ಹತ್ತಿರ ವೇಷ ಮರೆಸಿಕೊಂಡು ಹೋದ ಕಥೆಯಲ್ಲಂತೂ ಸತ್ತಿದ್ದ ಪ್ರವಾದಿ ಸಮುವೇಲ ಎದ್ದು ಬಂದೇ ಬಿಟ್ಟ, ಕೊನೆಗೆ ಹೆದರಿ ನೆಲಕ್ಕೆ ಬಿದ್ದಿದ್ದ ರಾಜನಿಗೆ ಕರು ಕೊಯ್ದು ರೊಟ್ಟಿ ಸುಟ್ಟು ಊಟ ಹಾಕಿ ಕಳಿಸಿದ್ದೂ ಅವಳೇ. ಸುಮ್ನೆ ವಾದಕ್ಕೆ ಹೇಳಿದ್ದು, ಕೋಪ ಬೇಡ ಮಾರಾಯ್ರೆ.

ಇನ್ನೊಂದು, ಆ ಹುಡುಗಿಯ "ವಿಚ್" ನಮ್ಮ ಕಡೆಯ ಮಾಟಗಾತಿ ಅಲ್ಲ. ಇಂಗ್ಲೆಂಡಿನಲ್ಲಿ ಹಳೇ ವಿಚ್‌ಕ್ರಾಫ್ಟ್ ಕಾಯ್ದೆ ರದ್ದಾದದ್ದು 1951ರಲ್ಲಿ. 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ ಎಂಬವರು ಪುಸ್ತಕ ಬರೆದರು, ಆಮೇಲೆ ವಿಕ್ಕಾ ಅನ್ನುವ ಹೊಸ ಧರ್ಮ ಹಬ್ಬಿತು. ಅದರಲ್ಲಿ ದೇವನೂ ಇದ್ದಾನೆ, ದೇವಿಯೂ ಇದ್ದಾಳೆ. ಒಬ್ಬನೇ ದೇವರು ಅಂತ ಭಾನುವಾರ ಹೇಳಿ ಸೋಮವಾರ ಅದನ್ನು ಹಿಡಿಯುವುದು ಕಷ್ಟ. ಆದರೆ ಬರೀ ಬತ್ತಿ, ಸೊಪ್ಪು ಇಟ್ಟುಕೊಂಡು ತಮಗೆ ತಾವೇ ಆ ಹೆಸರು ಇಟ್ಟುಕೊಳ್ಳುವವರೂ ಬಹಳ ಇದ್ದಾರೆ. ಅವಳದು ಯಾವುದು ಅಂತ ಮೊದಲು ಕೇಳಿ.

ಅಡಿಕೆಸೋಗೆ:
ನಮ್ಮದು ಬಾಸೆಲ್ ಮಿಷನ್ ಕಾಲದ ಪ್ರೊಟೆಸ್ಟೆಂಟ್ ಮನೆ. ನಮ್ಮಲ್ಲಿ ಪದಕ, ಗರಿ ಸುಡುವುದು ಯಾವುದೂ ಇಲ್ಲ, ನಮ್ಮ ಹಿರಿಯರ ಲೆಕ್ಕದಲ್ಲಿ ನಿಮ್ಮದೂ ಅರ್ಧ ಮಾಟವೇ! ಬೈಬಲಿನ ಕಾಲದ ಎಫೆಸ ಪಟ್ಟಣದಲ್ಲಿ ಹೊಸದಾಗಿ ನಂಬಿದವರು 50,000 ಬೆಳ್ಳಿ ನಾಣ್ಯ ಬಾಳುವ ಮಂತ್ರದ ಪುಸ್ತಕಗಳನ್ನು ತಂದು ಸುಟ್ಟರು ಅಂತ ಓದಿಯೇ ಬೆಳೆದವರು ನಾವು. ಆದರೂ ನಮ್ಮ ಅತ್ತೆ ಮಗುವನ್ನು ಹೊರಗೆ ಕರೆದುಕೊಂಡು ಹೋಗುವಾಗ ಕೆನ್ನೆಗೆ ಕಾಡಿಗೆ ಚುಕ್ಕೆ ಇಡುತ್ತಾರೆ. ಕೇಳಿದರೆ ಚಂದಕ್ಕೆ ಅನ್ನುತ್ತಾರೆ.

ಗಡಿನಾಡ_ನರ್ಸ್:
ಮೆಣಸು, ಬತ್ತಿ ಇವುಗಳ ಮೇಲೆ ಇಷ್ಟು ಚರ್ಚೆ ಯಾಕೆ ಅಂತ ನನಗೆ ಅರ್ಥ ಆಗುತ್ತಿಲ್ಲ. ನಮ್ಮ ಮನೆಯ ಕಥೆ ಹೇಳುತ್ತೇನೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಮ್ಮನಿಗೆ ಊಟ ಸೇರುತ್ತಿರಲಿಲ್ಲ, ಉಂಡರೆ ಹೊಟ್ಟೆನೋವು, ವಾಂತಿ. ಯಾರೋ ಕೈವಿಷ (ತಿನ್ನುವುದರಲ್ಲಿ ಸೇರಿಸಿ ಕೊಡುವ ಮಾಟದ ಮದ್ದು) ಅಂದರು. ಅಪ್ಪ ವಾಳೆಯ ಗುರ್ಕಾರ್ (ನಮ್ಮ ಚರ್ಚಿನ ವಾರ್ಡಿನ ಮುಖ್ಯಸ್ಥ), ಆದರೂ ಕತ್ತಲಾದ ಮೇಲೆ ಮಂತ್ರವಾದಿಯ ಮನೆಗೆ ಹೋದರು. ಅವನು ಕವಡೆ ಹಾಕಿ "ತೆಂಕು ದಿಕ್ಕಿನ ಮನೆ, ಹತ್ತಿರದ ಸಂಬಂಧ, ಹೆಂಗಸು" ಅಂದ. ನಮ್ಮ ತೋಟದ ತೆಂಕಿಗೆ ಇದ್ದದ್ದು ದೊಡ್ಡಪ್ಪನ ಮನೆ ಒಂದೇ. ಆ ವರ್ಷ ಮೊಂತಿ ಹಬ್ಬಕ್ಕೆ (ಮಾತೆ ಮರಿಯಳ ಹುಟ್ಟುಹಬ್ಬ) ದೊಡ್ಡಮ್ಮ ಬಾಳೆಲೆ ಮುಚ್ಚಿ ಕಳಿಸಿದ ಪಾಯಸವನ್ನು ಅಪ್ಪ ನಮ್ಮ ಎದುರೇ ಕೋಳಿಗಳಿಗೆ ಸುರಿದರು. ಕೋಳಿಗಳಿಗೆ ಏನೂ ಆಗಲಿಲ್ಲ. ಮಂಗಳೂರಿಗೆ ಕರೆದುಕೊಂಡು ಹೋದಾಗ ಅಮ್ಮನ ಪಿತ್ತಕೋಶದಲ್ಲಿ ಕಲ್ಲು. ಆಪರೇಷನ್ ಆಯಿತು, ಸರಿಹೋದರು. ದೊಡ್ಡಮ್ಮನ ಜೊತೆ ಮಾತು ಮಾತ್ರ ಹನ್ನೊಂದು ವರ್ಷ ಇರಲಿಲ್ಲ. ಒಂದೇ ಇಗರ್ಜಿ, ಒಂದೇ ಪೂಜೆ, ಬೇರೆ ಬೇರೆ ಬೆಂಚು.

ಅಮೆರಿಕದ ಸೇಲಂನಲ್ಲಿ 1692ರಲ್ಲಿ 19 ಜನರನ್ನು ಗಲ್ಲಿಗೆ ಹಾಕಿದ್ದೂ ಇದೇ ಬೆರಳು ತೋರಿಸುವ ಚಟದಿಂದ. ತೋರಿಸಿದವರೂ ಚರ್ಚಿಗೆ ಹೋಗುವವರೇ, ಸತ್ತವರೂ ಚರ್ಚಿಗೆ ಹೋಗುವವರೇ. ಬಾಯಿ, ಒಂದು ಕೇಳುತ್ತೇನೆ. ನಿಮ್ಮ ಅಜ್ಜಿ ದಿಷ್ಟಿ ತೆಗೆಯುವಾಗ ಯಾರ ಕಣ್ಣು ಅಂತ ಹೆಸರು ಹಿಡಿದು ಹೇಳುತ್ತಿದ್ದರಾ?

ಬೇಳದ_ಬಾಯಿ:
ಇಲ್ಲ ಅಕ್ಕ. "ಮನೆಯವರ ಕಣ್ಣು, ಊರವರ ಕಣ್ಣು, ನನ್ನದೇ ಕಣ್ಣು" ಅನ್ನುತ್ತಿದ್ದರು. ಕೊನೆಯದನ್ನು ಮರೆತೇ ಬಿಟ್ಟಿದ್ದೆ, ನೀವು ಕೇಳಿದ ಮೇಲೆ ನೆನಪಾಯಿತು.

ನಿನ್ನೆ ಹುಡುಗಿಗೆ ಫೋನ್ ಮಾಡಿದೆ. ದೇವಿ ಗೀವಿ ಏನೂ ಇಲ್ಲವಂತೆ. ಕಾರ್ಡನ್ನು ಜಾಸ್ತಿ ಕೇಳುವುದು ಪರೀಕ್ಷೆ ಹತ್ತಿರ ಬಂದಾಗಲಂತೆ. ಮೇಸ್ಟ್ರು ಹೇಳಿದ ಬೇಡುವುದು-ಬಗ್ಗಿಸುವುದು ಮಾತು ಹೇಳಿದೆ, ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕಾರ್ಡ್ ಬಿಡುತ್ತೇನೆ ಅಂತ ಹೇಳಲಿಲ್ಲ. ನರ್ಸ್ ಅಕ್ಕನ ಕಥೆಯನ್ನೂ ಹೇಳಿದೆ, "ನಾನು ಯಾರ ಹೆಸರನ್ನೂ ಹೇಳುವುದಿಲ್ಲ ಮಾವ್ಶಿ" ಅಂದಳು. ಆಮೇಲೆ ಅಜ್ಜಿ ಮೆಣಸು ಎಷ್ಟು ತೆಗೆದುಕೊಳ್ಳುತ್ತಿದ್ದರು ಅಂತ ಕೇಳಿದಳು. ಏಳು ಅಂದೆ. ಹೇಳಬಾರದಿತ್ತೇನೋ.

ಮಂಜೇಶ್ವರದ_ಮೇಸ್ಟ್ರು:
ನಮ್ಮ ಮನೆಯಲ್ಲಿ ಐದು.